ಕುರ್ಚಿಯ ಹಿಂದಿನ ಜಾಗ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಆಫೀಸಿನ ಅರ್ಧ ಜನಕ್ಕೆ ನಿದ್ದೆ ಬರಲಿಕ್ಕಿಲ್ಲ. ಹೆಸರಿಲ್ಲದಿದ್ದರೂ ಗುರುತು ಹಿಡಿಯಬಹುದಲ್ಲ ಎಂದು ನೀವು ಕೇಳಬಹುದು. ಹಿಡಿಯಬಹುದು. ಆದರೆ ನಮ್ಮ ಆಫೀಸಿನವರು ಮೊಬೈಲಿನಲ್ಲಿ ಬರುವ ಗುಡ್ ಮಾರ್ನಿಂಗ್ ಹೂವುಗಳನ್ನು ಬಿಟ್ಟು ಬೇರೇನನ್ನಾದರೂ ಓದಿದ್ದನ್ನು ನಾನು ಕಂಡಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಸಂಶಯದ ಪ್ರಾಣಿ. ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ, ಓಣಿಯ ತುದಿಯಿಂದ ತಿರುಗಿ ಬಂದು ಮತ್ತೆ ಜಗ್ಗಿ ನೋಡುತ್ತೇನೆ. ಸಂತೆಯಲ್ಲಿ ತರಕಾರಿಯವಳು ಒಂದು ಬದನೆಕಾಯಿ ಹೆಚ್ಚಿಗೆ ಹಾಕಿದರೆ ಅದರಲ್ಲಿ ಹುಳ ಇದೆ ಅಂದುಕೊಳ್ಳುತ್ತೇನೆ. "ನಿಮಗ ನಿಮ್ಮ ನೆಳ್ಳಿನ ಮ್ಯಾಲೂ ಗುಮಾನಿ" ಎಂದು ಮನೆಯವಳು ಅನ್ನುತ್ತಾಳೆ. ಇಂಥವನ ಪಕ್ಕದ ಮೇಜಿಗೆ, ಬಾಯಿ ಬಿಡದ ಒಬ್ಬ ಮನುಷ್ಯ ಬಂದು ಕೂತರೆ ಏನಾಗಬೇಕೋ ಅದೇ ಆಯಿತು.

ಚಿಕ್ಕೋಡಿಯಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಆಫೀಸು ನಮ್ಮದು. ಕಾರ್ಖಾನೆ ಊರ ಹೊರಗೆ, ಆಫೀಸು ಊರೊಳಗೆ. ಯಾರ ಹೊಲದ ಕಬ್ಬನ್ನು ಮೊದಲು ಕಡಿಯಬೇಕು, ಯಾರದು ಆಮೇಲೆ ಅನ್ನುವ ಪಾಳಿ ಅಲ್ಲಿ ಗೊತ್ತಾಗುತ್ತದೆ. ಕಬ್ಬು ನಾಟಿ ಮಾಡಿದ ತಿಂಗಳು, ಅದರ ತಳಿ, ಹೊಲಕ್ಕೆ ಗಾಡಿ ಹೋಗುವ ದಾರಿ, ಹತ್ತಿರದಲ್ಲಿ ಬಿಡಾರ ಹೂಡಿದ ಟೋಳಿ, ಎಲ್ಲವನ್ನೂ ತಲೆಯಲ್ಲಿ ಜೋಡಿಸಿಕೊಂಡು ಪಾಳಿ ಹಚ್ಚಬೇಕು. ಟೋಳಿ ಅಂದರೆ ಮಹಾರಾಷ್ಟ್ರದ ಬೀಡ ಕಡೆಯಿಂದ ಪ್ರತಿ ಹಂಗಾಮಿಗೆ ಬರುವ ಕಬ್ಬು ಕಡಿಯುವವರ ಗುಂಪು. ಅವರ ಮುಖಂಡನೇ ಮುಕಾದಮ. ಪಾಳಿಯಲ್ಲಿ ಒಂದು ಹೆಸರು ಹಿಂದುಮುಂದಾದರೆ ಸಾಕು, ಒಂದು ಟೋಳಿ ಮಕ್ಕಳು ಮರಿ, ಎತ್ತು, ಒಲೆಯ ಕಲ್ಲು ಎಲ್ಲ ಕಟ್ಟಿಕೊಂಡು ಅಥಣಿ ಕಡೆಯ ಅನಂತಪುರಕ್ಕೆ ಹೋಗಿ, ಅಲ್ಲಿಯ ಕಬ್ಬು ಇನ್ನೂ ಎಳೆಯದು ಎಂದು ತಿರುಗಿ ಕರೋಶಿಗೆ ಬರಬೇಕು. ಅಷ್ಟರಲ್ಲಿ ಕರೋಶಿಯ ಕಬ್ಬು ಹೂ ಬಿಟ್ಟು ಒಳಗೆ ಬೆಂಡಾಗಿರುತ್ತದೆ. ಆ ಪಾಳಿ ಹಚ್ಚುವ ಕೆಲಸ ಅವರದು.

ಮೊದಲು ಪಾಳಿಯ ಕೆಲಸಕ್ಕೆ ಬೇರೆ ಕೋಣೆ ಇತ್ತು, ಅದಕ್ಕೊಂದು ಬಾಗಿಲಿತ್ತು. ಆಮೇಲೆ ಹೊಸ ಮ್ಯಾನೇಜರ್ ಬಂದರು. ದಾವಣಗೆರೆ ಕಡೆಯವರು, ಮಾತು ಮೆತ್ತಗೆ, ಅಂಗಿಗೆ ಇಸ್ತ್ರಿ. ಗೋಡೆ ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. "ಗೋಡೆ ಇದ್ದಲ್ಲಿ ಗುಟ್ಟು ಇರುತ್ತೆ. ಎಲ್ಲರೂ ಎಲ್ಲರಿಗೂ ಕಾಣಬೇಕು" ಎಂದರು. ಒಂದೇ ವಾರದಲ್ಲಿ ಕೋಣೆಗಳೆಲ್ಲ ಹೋಗಿ ಉದ್ದನೆಯ ಒಂದೇ ಹಾಲ್ ಆಯಿತು. ಎಲ್ಲರೂ ಎಲ್ಲರಿಗೂ ಕಾಣತೊಡಗಿದರು, ಅದಕ್ಕಿಂತ ಹೆಚ್ಚಾಗಿ ಕೇಳತೊಡಗಿದರು. ಒಂದು ಮೂಲೆಯಲ್ಲಿ ರಾಯಬಾಗದ ರೈತರು ಕನ್ನಡದಲ್ಲಿ ಜಗಳಾಡಿದರೆ ಇನ್ನೊಂದು ಮೂಲೆಯಲ್ಲಿ ನಿಪ್ಪಾಣಿಯವರು ಮರಾಠಿಯಲ್ಲಿ. ನಡುವೆ ಪ್ರಿಂಟರ್ ಕೆಮ್ಮು, ಚಹದ ಕಪ್ಪಿನ ಸದ್ದು, ಫೋನಿನ ಮೇಲೆ ಫೋನು. ಗಂಡ ಹೆಂಡತಿಗೆ ಫೋನಿನಲ್ಲಿ ಹೇಳಿದ ಸುಳ್ಳು ಇಡೀ ಹಾಲ್‌ಗೆ ಗೊತ್ತಾಗುತ್ತಿತ್ತು.

ಗೋಡೆ ಬಿದ್ದ ತಿಂಗಳಲ್ಲೇ ಅವರು ಬಂದರು. ನಮ್ಮ ಕಂಪನಿಯದೇ ಬಾಗಲಕೋಟೆ ಕಡೆಯ ಕಾರ್ಖಾನೆಯಿಂದ ವರ್ಗವಾಗಿತ್ತು. ಕುಳ್ಳ ಆಳು, ತುಂಬುತೋಳಿನ ಬಿಳಿ ಅಂಗಿ, ಹಣೆಯ ಮೇಲೆ ಸಣ್ಣ ವಿಭೂತಿ. ಬಂದವರೇ ಮೇಜನ್ನು ಎಳೆದು ಗೋಡೆಗೆ ಮುಖ ಮಾಡಿ ಇಟ್ಟುಕೊಂಡರು. ಇಡೀ ಹಾಲ್‌ಗೆ ಬೆನ್ನು. ಆಮೇಲೆ ಕಾಲಿನ ಚಪ್ಪಲಿ ತೆಗೆದು ಮೇಜಿನ ಕೆಳಗೆ ಇಡಲಿಲ್ಲ, ಕುರ್ಚಿಯಿಂದ ಒಂದು ಮಾರು ಹಿಂದೆ, ಮನೆಯ ಹೊಸ್ತಿಲ ಹೊರಗೆ ಬಿಡುವ ಹಾಗೆ ಜೋಡಿಸಿ ಬಿಟ್ಟರು. ಅಥಣಿಯ ಚಪ್ಪಲಿ, ಎಣ್ಣೆ ಕಂಡ ತೊಗಲು.

ನೀವು ನಂಬುವುದಿಲ್ಲ, ಆ ಚಪ್ಪಲಿ ಕೆಲಸ ಮಾಡಿತು. ನಮ್ಮ ಜನಕ್ಕೆ ಜೋಡಿಸಿಟ್ಟ ಚಪ್ಪಲಿ ಕಂಡರೆ ಅದರಾಚೆ ಒಂದು ಮನೆಯೋ ಗುಡಿಯೋ ಇದೆ ಅನ್ನಿಸುತ್ತದೆ. ಕೂಗಾಡುತ್ತ ಬಂದ ರೈತ ಆ ಚಪ್ಪಲಿಯ ಹತ್ತಿರ ಗಕ್ಕನೆ ನಿಂತು, "ಬರಬಹುದಲ್ರಿ?" ಎಂದು ಕೇಳುತ್ತಿದ್ದ. ಕೆಲವರು ತಮ್ಮ ಚಪ್ಪಲಿಯನ್ನೂ ಅಲ್ಲಿ ಬಿಡುತ್ತಿದ್ದರು. ಇವರು ತಿರುಗಿ ನೋಡದೆ ಒಂದು ಬೆರಳು ಎತ್ತುತ್ತಿದ್ದರು. ಹಿಡಿದ ಸಾಲು ಮುಗಿದ ಮೇಲೆ ಕುರ್ಚಿಯನ್ನು ಪೂರ್ತಿ ತಿರುಗಿಸಿ, "ಈಗ ಹೇಳ್ರಿ. ಈಗ ಪೂರಾ ನಿಮ್ಮಾಂವ" ಅನ್ನುತ್ತಿದ್ದರು.

ಒಮ್ಮೆ ಅಥಣಿ ಕಡೆಯ ದೊಡ್ಡ ಮನೆತನದ ಯಜಮಾನರೊಬ್ಬರು ತಮ್ಮ ತೋಟದ ದ್ರಾಕ್ಷಿಯ ಬುಟ್ಟಿ ಹಿಡಿಸಿಕೊಂಡು ಬಂದರು. ಅವರಿಗೆ ಚಪ್ಪಲಿಯ ಹಂಗಿಲ್ಲ. ನೇರ ಬಂದು ಬುಟ್ಟಿಯನ್ನು ಮೇಜಿನ ಮೇಲೆ ಇಟ್ಟು, ತಮ್ಮ ಕಬ್ಬಿನ ಸಂಗತಿಯನ್ನು ಅಜ್ಜನ ಕಾಲದಿಂದ ಶುರುಮಾಡಿದರು. ಇವರು ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ, "ದ್ರಾಕ್ಷಿ ಸಿಹಿ ಅದಾವ್ರಿ?" ಎಂದು ಕೇಳಿದರು.

"ಸಕ್ರಿ ಆಗ್ಯಾವ ನೋಡ್ರಿ!"

"ಹಂಗಾರ ಒಂದ ಕೆಲಸಾ ಮಾಡ್ರಿ. ಎಲ್ಲಾರಿಗೂ ಒಂದೊಂದ ಗೊಂಚಲ ಹಂಚಿ ಬರ್ರಿ. ಅಷ್ಟೊತ್ತಿಗೆ ನನ್ನ ಸಾಲು ಮುಗೀತೈತಿ."

ಯಜಮಾನರು ಬುಟ್ಟಿ ಹೊತ್ತು ಮೇಜಿಂದ ಮೇಜಿಗೆ ಅಡ್ಡಾಡಿದರು. ಕೆಲವರು ಎರಡು ಗೊಂಚಲು ಕೇಳಿದರು. ಅವರು ಬೆವರೊರೆಸಿಕೊಳ್ಳುತ್ತ ತಿರುಗಿ ಬರುವಷ್ಟರಲ್ಲಿ ಬುಟ್ಟಿ ಖಾಲಿ, ಸಿಟ್ಟೂ ಖಾಲಿ. ಹಾಲ್‌ನವರೆಲ್ಲ ನಕ್ಕರು. ನಾನು ನಗಲಿಲ್ಲ. ಇಷ್ಟು ಜಾಣ ಮನುಷ್ಯ ಇಷ್ಟು ಸುಮ್ಮನೆ ಯಾಕೆ ಇರುತ್ತಾನೆ ಅನ್ನುವ ವಿಚಾರ ನನ್ನದು.

ಮರಾಠಿಯ ಕತೆ ಶುರುವಾದದ್ದು ಅವರು ಬಂದ ಮೊದಲ ದಿನವೇ. ಒಬ್ಬ ಮುಕಾದಮ ಹೆಗಲ ಟವೆಲ್ ಝಾಡಿಸುತ್ತ ಬಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಒದರಿದ. ಇವರು ಕೈ ಎತ್ತಿ, "ಮರಾಠಿ ಬ್ಯಾಡ್ರಿ" ಎಂದರು. ಸುತ್ತ ನೋಡಿದರು. ಅವರ ಕಣ್ಣಿಗೆ ಬಿದ್ದವನು ನಾನು. "ಇವರಿಗೆ ಹೇಳ್ರಿ. ಇವರು ನನಗ ಹೇಳತಾರ" ಎಂದು ಗೋಡೆಯ ಕಡೆ ತಿರುಗಿದರು. ಅಂದಿನಿಂದ ನಾನು ದುಭಾಷಿ. ನನ್ನ ಕೆಲಸ ರೈತರ ನೋಂದಣಿಯದು, ದುಭಾಷಿಕೆ ಬಿಟ್ಟಿಯದು. ಮುಕಾದಮ ನನಗೆ ಮರಾಠಿಯಲ್ಲಿ, ನಾನು ಅವರಿಗೆ ಕನ್ನಡದಲ್ಲಿ, ಅವರು ನನಗೆ, ನಾನು ಮುಕಾದಮನಿಗೆ.

ಮುಕಾದಮರ ಬಾಯಿ ನಿಮಗೆ ಗೊತ್ತಿಲ್ಲ. ಗಾಡಿ ಒಂದು ತಾಸು ತಡವಾದರೆ ಅವರು ಪಾಳಿ ಹಚ್ಚಿದವನ ತಾಯಿಯಿಂದ ಹಿಡಿದು ಏಳು ತಲೆಮಾರಿಗೆ ಪೂಜೆ ಸಲ್ಲಿಸುತ್ತಾರೆ. ವಿಭೂತಿ ಹಚ್ಚಿದ ಮನುಷ್ಯನಿಗೆ ಅದನ್ನೆಲ್ಲ ಹೇಗೆ ಹೇಳುವುದು? ನಾನು, "ಸ್ವಲ್ಪ ಬ್ಯಾಸರಾಗ್ಯಾರ್ರಿ, ಗಾಡಿ ಲಗೂನ ಕೇಳತಾರ" ಎನ್ನುತ್ತಿದ್ದೆ. ಅವರು ತಲೆಯಾಡಿಸಿ, "ನಾಳೆ ಬೆಳಿಗ್ಗೆ ಬರತೈತಿ ಅಂತ ಹೇಳ್ರಿ" ಅನ್ನುತ್ತಿದ್ದರು. ಜಗಳ ನನ್ನ ಬಾಯೊಳಗೇ ಸತ್ತುಹೋಗುತ್ತಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆದರೆ "ಮರಾಠಿ ಬ್ಯಾಡ" ಅನ್ನುವುದು ನಮ್ಮ ಸೀಮೆಯಲ್ಲಿ ಸಣ್ಣ ಮಾತಲ್ಲ. ಚಹದ ಅಂಗಡಿಯಲ್ಲಿ ಅದರ ಮೇಲೆ ದೊಡ್ಡ ಚರ್ಚೆಯಾಯಿತು. ಯಾವುದೋ ಸಂಘದವರು ಇರಬೇಕು ಎಂದು ಒಬ್ಬ. ಮ್ಯಾನೇಜರರೇ ಕರೆಸಿಕೊಂಡ ಮನುಷ್ಯ, ಬೆನ್ನು ತಿರುಗಿಸಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಾನೆ ಎಂದು ಇನ್ನೊಬ್ಬ. ಗಾಡಿ ವಿಭಾಗದ ಬಾಳಾಸಾಹೇಬ, ನಾವೆಲ್ಲ ಬಾಳೂ ಅನ್ನುವವನು, "ಹೋಗ್ರಿ, ಘಟ್ಟಿ ಬಾಗಲಕೋಟಿ ಮಂದಿ. ಅವರಿಗೆ ಎಲ್ಲಿಂದ ಬರಬೇಕು ಮರಾಠಿ?" ಎಂದು ನಕ್ಕುಬಿಟ್ಟ. ಎಲ್ಲರೂ ಬಾಳೂನ ಮಾತು ಒಪ್ಪಿದರು. ನಾನು ಒಪ್ಪಲಿಲ್ಲ. ಊರು ಯಾವುದೆಂದು ಕೇಳಿದಾಗ ಅವರು "ಕೃಷ್ಣಾ ಹೊಳಿ ದಂಡಿ" ಎಂದಿದ್ದರು. ಹೊಳೆಯ ದಂಡೆ ಎಷ್ಟು ಉದ್ದ! ಊರಿನ ಹೆಸರು ಹೇಳದೆ ಹೊಳೆಯ ಹೆಸರು ಹೇಳುವವನನ್ನು ನಂಬಬೇಕೆ?

ಹಾಲ್‌ನವರು ನಂಬಿದ್ದರಿಂದ ಒಂದು ವಿಚಿತ್ರ ರೂಢಿ ಬೆಳೆಯಿತು. ಗೋಡೆಗಳಿಲ್ಲದ ಆಫೀಸಿನಲ್ಲಿ ಗುಟ್ಟು ಮಾತಾಡುವುದಕ್ಕೆ ಜಾಗ ಬೇಕಲ್ಲ. ಅವರ ಕುರ್ಚಿಗೂ ಚಪ್ಪಲಿಗೂ ನಡುವೆ ಇದ್ದ ಮಾರಗಲದ ಜಾಗವೇ ಆ ಜಾಗವಾಯಿತು. ಅಲ್ಲಿ ಬೇರೆ ಯಾರೂ ಬರುವುದಿಲ್ಲ, ಕೂತವರಿಗೆ ಮರಾಠಿ ತಿಳಿಯುವುದಿಲ್ಲ. ಜನ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಫೋನನ್ನು ಕಿವಿಗೊತ್ತಿ, ಅವರ ಬೆನ್ನಿಗೆ ಬೆನ್ನು ಹಚ್ಚಿ ಮರಾಠಿಯಲ್ಲಿ ಪಿಸುಗುಡುತ್ತಿದ್ದರು. ಮಗಳಿಗೆ ಬಂದ ಗಂಡಿನ ಸಂಗತಿ, ಅತ್ತೆಯ ಮೇಲಿನ ದೂರು, ಮ್ಯಾನೇಜರರಿಗೆ ಇಟ್ಟ ಅಡ್ಡ ಹೆಸರು, ಎಲ್ಲ ಅಲ್ಲಿ. ಕನ್ನಡ ಮನೆಮಾತಿನವರೂ ಅಲ್ಲಿ ಹೋಗಿ ಮರಾಠಿಯಲ್ಲಿ ಮಾತಾಡುತ್ತಿದ್ದರು. ಗುಟ್ಟು ಹೇಳುವವರು ಮೆಲ್ಲಗೆ ಹೇಳುತ್ತಾರೆ. ಹಾಗಾಗಿ ಇಡೀ ಹಾಲ್‌ನಲ್ಲಿ ಗದ್ದಲ ಕಡಿಮೆ ಇದ್ದದ್ದು ಅವರ ಕಿವಿಯ ಸುತ್ತ ಮಾತ್ರ.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಬಾಳೂ ನನ್ನ ಮೇಜಿಗೆ ಬಂದಿದ್ದ. ಅವರು ಎಂದಿನಂತೆ ಬರಿಗಾಲು ನೆಲಕ್ಕೂರಿ ಕೆಲಸದಲ್ಲಿದ್ದರು. ನಾನು ಹವಾಮಾನ ಹೇಳುವವರ ಧ್ವನಿಯಲ್ಲಿ, ಬಾಳೂಗೆ ಮರಾಠಿಯಲ್ಲಿ ಹೇಳಿದೆ: "ಸಾಹೇಬಾಂಚ್ಯಾ ಪಾಯಾಜವಳ ವಿಂಚೂ ಆಹೆ."

ಸಾಹೇಬರ ಕಾಲ ಹತ್ತಿರ ಚೇಳು ಇದೆ ಅಂದ ಹಾಗೆ. ಬಾಳೂ ಎರಡು ಹೆಜ್ಜೆ ಹಾರಿ ಕುರ್ಚಿ ಬೀಳಿಸಿದ. ಅವರು ತಿರುಗಲಿಲ್ಲ. ಬೆನ್ನು ಅಲುಗಲಿಲ್ಲ. ಬೆರಳು ಟೈಪ್ ಮಾಡುತ್ತಲೇ ಇದ್ದವು. ಆದರೆ ನಾನು ನೋಡುತ್ತಿದ್ದದ್ದು ಬೆನ್ನನ್ನಲ್ಲ. ಎಡಗಾಲಿನ ಹೆಬ್ಬೆರಳು ಮೆಲ್ಲಗೆ ಮೇಲೆದ್ದು, ಸ್ವಲ್ಪ ಹೊತ್ತು ನಿಂತು, ಮತ್ತೆ ನೆಲ ಮುಟ್ಟಿತು.

"ನೋಡಿದಿ?" ಎಂದೆ ಬಾಳೂಗೆ. "ಏನ ನೋಡೂದು, ಚೇಳ ಎಲ್ಲೈತಿ ಮಾರಾಯಾ!" ಎಂದು ಅವನು ಮೇಜಿನ ಕೆಳಗೆ ಹುಡುಕುತ್ತಿದ್ದ. ಒಂದು ಹೆಬ್ಬೆರಳಿನ ಸಾಕ್ಷಿ ಹಿಡಿದುಕೊಂಡು ಯಾರ ಮುಂದೆ ಹೋಗಲಿ? ಕಾಲು ಜೋಮು ಹಿಡಿದಿತ್ತೇನೋ ಅನ್ನುತ್ತಾರೆ. ಆದರೆ ಅಂದಿನಿಂದ ನನಗೆ ಖಾತ್ರಿಯಾಯಿತು. ಮುಂದೊಂದು ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ಅವರು ಮಹಾರಾಷ್ಟ್ರದ ಗಡಿಯಂಚಿನ ಕಾಗವಾಡದ ಬಸ್ಸು ನಿಲ್ಲುವ ಕಡೆ ಚೀಲ ಹಿಡಿದು ನಿಂತದ್ದನ್ನೂ ಕಂಡೆ. ಬಾಗಲಕೋಟೆಗೆ ಹೋಗುವವನಿಗೆ ಕಾಗವಾಡದ ಬಸ್ಸಿನಲ್ಲಿ ಏನು ಕೆಲಸ? ನನ್ನನ್ನು ನೋಡಿ ತಲೆಯಾಡಿಸಿದರು, ನಾನೂ ಆಡಿಸಿದೆ.

ಹೀಗಿರುವಾಗ ಪಾಳಿ ಹೊರಗೆ ಸೋರತೊಡಗಿತು. ಪಾಳಿಯನ್ನು ಸೋಮವಾರ ಬೆಳಿಗ್ಗೆ ಬೋರ್ಡಿಗೆ ಹಚ್ಚುತ್ತೇವೆ. ಅದಕ್ಕೂ ಮೊದಲೇ, ಭಾನುವಾರವೇ, ಒಂದೆರಡು ಟೋಳಿಗಳು ಬಿಡಾರ ಕಿತ್ತು ಅನಂತಪುರದ ಕಡೆ ಹೋಗಿರುತ್ತಿದ್ದವು. ಅಲ್ಲಿ ಯಾರದೋ ಕಬ್ಬು ಪಾಳಿ ಬರುವ ಮೊದಲೇ ಕಡಿದು ಗಾಡಿಯೇರುತ್ತಿತ್ತು. ಅದೇ ಟೋಳಿಯ ದಾರಿ ಕಾಯುತ್ತಿದ್ದ ಕರೋಶಿಯ ರೈತರ ಕಬ್ಬು ನಿಂತಲ್ಲೇ ಒಣಗುತ್ತಿತ್ತು. ಆ ರೈತರು ಹಾಲ್‌ಗೆ ನುಗ್ಗಿದರು. ಆ ದಿನ ಚಪ್ಪಲಿಯ ಗಡಿಯನ್ನು ಯಾರೂ ನೋಡಲಿಲ್ಲ. ಒಬ್ಬ ರೈತ ಅವರ ಕುರ್ಚಿಯ ಬೆನ್ನು ಹಿಡಿದು ಅಲುಗಾಡಿಸಿ, "ನಿಮ್ಮ ಮೇಜಿನಿಂದನ ಸುದ್ದಿ ಹೋಗೈತಿ. ಪಾಳಿ ಹಚ್ಚಾವರು ನೀವು, ಮತ್ತ ಯಾರಿಗೆ ಗೊತ್ತಿರತೈತಿ?" ಎಂದ.

ಮಾತು ಸರಿಯಾಗಿತ್ತು. ಸೋಮವಾರದ ಪಾಳಿ ಶನಿವಾರ ಸಂಜೆ ಗೊತ್ತಿರುವುದು ಅವರಿಗೊಬ್ಬರಿಗೇ ಎಂದು ಎಲ್ಲರೂ ತಿಳಿದಿದ್ದರು. ಗಾಡಿ ಹಂಚುವ ಬಾಳೂನ ಪರದೆಗೂ ಅದು ಹೋಗುತ್ತದೆ ಅನ್ನುವುದು ಯಾರಿಗೂ ನೆನಪಾಗಲಿಲ್ಲ. ನನ್ನ ಮನಸ್ಸಿನಲ್ಲಂತೂ ಲೆಕ್ಕ ಮುಗಿದಿತ್ತು. ಮರಾಠಿ ಬರುತ್ತದೆ, ಬರುವುದನ್ನು ಮುಚ್ಚಿಡುತ್ತಾರೆ. ಮುಕಾದಮರ ಜೊತೆ ಹಗಲು ನನ್ನ ಮೂಲಕ ಮಾತು, ಸಂಜೆ ಫೋನಿನಲ್ಲಿ ನೇರ ಮಾತು. ಇಲ್ಲದಿದ್ದರೆ ಮುಚ್ಚಿಡುವುದಕ್ಕೆ ಬೇರೆ ಏನು ಕಾರಣವಿದ್ದೀತು? ಹಾಗೆಂದು ಬಾಯಿ ಬಿಟ್ಟು ಹೇಳಲಿಲ್ಲ. ಸಂಶಯದವನಿಗೆ ತನ್ನ ಸಂಶಯದ ಮೇಲೂ ಸ್ವಲ್ಪ ಸಂಶಯ ಇರುತ್ತದೆ.

ಮ್ಯಾನೇಜರ್ ಇವರನ್ನು ಕರೆದು, ತಪ್ಪು ಇವರ ಕಡೆ ಇದ್ದರೆ ಪಾಳಿಯ ಮೇಜು ಬಿಡಿಸಿ ಮನೆಗೆ ಕಳಿಸುವುದಾಗಿ ಹೇಳಿದರು. ಮೆತ್ತಗೆ ಹೇಳಿದರೂ ಇಡೀ ಹಾಲ್‌ಗೆ ಕೇಳಿಸಿತು, ಗೋಡೆ ಇಲ್ಲವಲ್ಲ. ನಿವೃತ್ತಿಗೆ ಅವರಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಜೀವಮಾನವೆಲ್ಲ ಪಾಳಿ ಹಚ್ಚಿ, ಕೊನೆಗೆ ಪಾಳಿ ಮಾರಿದವನು ಅನ್ನಿಸಿಕೊಂಡು ಮನೆಗೆ ಹೋಗುವುದು! ಅವರು, "ಯಾರನ ಕೇಳತೀರಿ ಕೇಳ್ರಿ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದರು.

ವಿಚಾರಣೆಗೆ ಕೋಣೆ ಬೇಕಿತ್ತು. ಕೋಣೆ ಎಲ್ಲಿದೆ? ಕೊನೆಗೆ ಮ್ಯಾನೇಜರ್ ಎಲ್ಲರನ್ನೂ ಚಹಕ್ಕೆ ಎಂದು ಹೊರಗೆ ಬೇವಿನ ಗಿಡದ ಕೆಳಗೆ ಕಳಿಸಿ ಬಾಗಿಲು ಹಾಕಿಸಿದರು. ಅಷ್ಟು ದೊಡ್ಡ ಹಾಲ್‌ನಲ್ಲಿ ಉಳಿದವರು ಮ್ಯಾನೇಜರ್, ಅವರು, ಅನಂತಪುರಕ್ಕೆ ಮೊದಲೇ ಹೋಗಿದ್ದ ಟೋಳಿಯ ಮುಕಾದಮ ಮತ್ತು ದುಭಾಷಿಯಾದ ನಾನು. ಮ್ಯಾನೇಜರರಿಗೂ ಮರಾಠಿ ಬರುತ್ತಿರಲಿಲ್ಲ.

"ಪಾಳಿ ನಿನಗೆ ಮೊದಲೇ ಹೇಳಿದವರು ಯಾರು ಅಂತ ಕೇಳಿ" ಎಂದರು ಮ್ಯಾನೇಜರ್. ನಾನು ಕೇಳಿದೆ.

ಮುಕಾದಮ ಪಾಳಿಯವರ ಕಡೆ ಒಮ್ಮೆ ನೋಡಿದ. ತಿಳಿಯದವರ ಮುಂದೆ ಮಾತಾಡುವ ಧೈರ್ಯದಲ್ಲಿ ನನಗೆ ಮರಾಠಿಯಲ್ಲಿ ಹೇಳಿದ: "ಬಾಳೂ ಮ್ಹಣಾಲಾ, ತುಮ್ಹೀ ಸಾಂಭಾಳೂನ ಘ್ಯಾಲ." ನೀವು ಸಂಭಾಳಿಸಿಕೊಳ್ಳುತ್ತೀರಿ ಎಂದು ಬಾಳೂ ಹೇಳಿದ್ದಾನೆ, ಎಂದು. ನನಗೆ ಒಮ್ಮೆಲೇ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಅನಂತಪುರದಲ್ಲಿ ಬಾಳೂನ ಮಾವನ ಕಬ್ಬಿದೆ. ಶನಿವಾರ ಫೋನು ಬರುತ್ತಿದ್ದದ್ದು ಬಾಳೂನಿಂದ. ಈಗ ಬಾಳೂನ ಹೆಸರು ಹೇಳಿದರೆ ಅವನು ಈ ಮುಕಾದಮನ ಟೋಳಿಗೆ ಗಾಡಿ ಕೊಡುವುದಿಲ್ಲ, ಹೆಂಗಸರು ಮಕ್ಕಳು ಬಿಡಾರದಲ್ಲಿ ಕೈಕಟ್ಟಿ ಕೂರಬೇಕು. "ಈ ಮೂಕನ ಹೆಸರ ಹೇಳಿಬಿಡ್ರಿ. ಅವಗೇನು ತಿಳೀತೈತಿ?" ಅನ್ನುವ ಅರ್ಥದ ಮಾತು ಹೇಳಿ, ಜೊತೆಗೆ ಅವರ ತಾಯಿಯ ಮೇಲೊಂದು ಬೈಗುಳ ಸೇರಿಸಿದ.

ಅವರು ನನ್ನನ್ನು ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಮ್ಯಾನೇಜರರೂ ನನ್ನನ್ನೇ ನೋಡುತ್ತಿದ್ದರು. ಬಾಳೂ ನನ್ನ ಜೊತೆ ಊಟದ ಡಬ್ಬಿ ಹಂಚಿಕೊಳ್ಳುವವನು. ಇವರೋ, ಇಷ್ಟು ವರ್ಷ ಪಕ್ಕದಲ್ಲಿ ಕೂತು ಒಂದು ದಿನವೂ ಮನೆಯ ಮಾತು ಆಡದವರು, ನಾನು ಯಾವತ್ತೂ ನಂಬದವರು. ಸುಳ್ಳು ಹೇಳಬೇಕು ಅನ್ನಿಸಲಿಲ್ಲ ಎಂದು ಬರೆದರೆ ನೀವು ನಂಬಬೇಡಿ, ನಾನಾಗಿದ್ದರೆ ನಂಬುತ್ತಿರಲಿಲ್ಲ. ಆದರೆ ಬಾಯಿ ತೆರೆದಾಗ ಮುಕಾದಮ ಹೇಳಿದ್ದೆಲ್ಲ ಹಾಗೇ ಬಂತು. ಬಾಳೂನ ಹೆಸರು, ಮಾವನ ಕಬ್ಬು, ನಾನು ಸಂಭಾಳಿಸುತ್ತೇನೆ ಎಂದು ಅವನು ಅಂದದ್ದು, ಎಲ್ಲ. ಅದೊಂದು ದಿನ ಬೈಗುಳವನ್ನೂ ಬಿಡಲಿಲ್ಲ. ಹೇಳುತ್ತಿದ್ದಾಗ ನನ್ನ ಕಣ್ಣು ತಾನಾಗಿ ಅವರ ಕಾಲಿನ ಕಡೆ ಹೋಯಿತು. ಹೆಬ್ಬೆರಳು ಮೇಲೆದ್ದಿತ್ತು. ನಾನು ಮುಗಿಸಿದ ಮೇಲೆ ಕೆಳಗಿಳಿಯಿತು.

ಬಾಳೂನನ್ನು ರಾಯಬಾಗದ ಕಡೆ ಹೊಲ ತಿರುಗುವ ಕೆಲಸಕ್ಕೆ ಹಾಕಿದರು. ಮುಕಾದಮನ ಟೋಳಿಗೆ ಗಾಡಿ ನಿಲ್ಲದ ಹಾಗೆ ಅವರೇ ನೋಡಿಕೊಂಡರು. ನನಗೆ ಒಂದು ಥ್ಯಾಂಕ್ಸ್ ಹೇಳಲಿಲ್ಲ. ಮರುದಿನ ಎಂದಿನಂತೆ ಚಪ್ಪಲಿ, ಬೆನ್ನು, ಎತ್ತಿದ ಬೆರಳು. ಬಾಳೂ ಹೋದ ಮೇಲೆ ಡಬ್ಬಿ ಒಬ್ಬನೇ ತಿನ್ನುತ್ತಿದ್ದ ನನಗೆ ಅದು ಬಹಳ ಕೆಟ್ಟದೆನಿಸಿತು.

ನಿವೃತ್ತಿಯ ದಿನ ಶಾಲು, ಹಾರ, ಭಾಷಣ ಆದವು. ಅವರು "ಎಲ್ಲಾರೂ ಛಲೋ ನೋಡ್ಕೊಂಡ್ರಿ" ಎಂದಷ್ಟೇ ಹೇಳಿದರು. ನಾನು ಬಸ್ ಸ್ಟ್ಯಾಂಡಿನವರೆಗೆ ಅವರ ಚೀಲ ಹಿಡಿದು ಹೋದೆ. ಪ್ರೀತಿಯಿಂದ ಹೋದೆ ಎಂದುಕೊಳ್ಳಬೇಡಿ, ಯಾವ ಬಸ್ಸು ಹತ್ತುತ್ತಾರೆ ನೋಡಬೇಕಿತ್ತು. ಕಾಗವಾಡದ ಬಸ್ಸೇ. ಹತ್ತಿದರು, ಕಿಟಕಿಯ ಪಕ್ಕ ಕೂತರು. ಆಗ ಒಬ್ಬ ಮುದುಕಿ ಗಂಟು ಹೊತ್ತು ಒಳಗೆ ಬಂದಳು. ಅವರು ಎದ್ದು ನಿಂತು, ಹಾಲು ಕುಡಿದ ದಿನದಿಂದ ಆಡಿದ ಹಾಗೆ, "ಆಜೀ, ಇಕಡ ಬಸಾ, ಖಿಡಕೀಪಾಶೀ. ವಾರಾ ಯೇತೋಯ" ಎಂದರು. ಕಿಟಕಿಯ ಹತ್ತಿರ ಕೂಡು ಅಜ್ಜಿ, ಗಾಳಿ ಬರುತ್ತದೆ. ಯಾವ ಊರಪ್ಪಾ ಎಂದು ಮುದುಕಿ ಕೇಳಿದಳು. "ಜುಗೂಳ" ಎಂದರು.

ನಾನು ಕೆಳಗೆ ನಿಂತು ಕೇಳುತ್ತಿದ್ದೆ. ನನಗೆ ಕೇಳಲಿ ಎಂದೇ ಹೇಳಿದ್ದರು. ಜುಗೂಳ ಕೃಷ್ಣೆಯ ದಂಡೆಯಲ್ಲೇ ಇದೆ, ಹೊಳೆಯ ಆಚೆ ಮಹಾರಾಷ್ಟ್ರ. ಅವರು ಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ನಿಂತು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕರು.

"ನಮ್ಮವ್ವ ಹೊಳಿ ಆಚಿ ದಂಡಿಯಾಕಿರಿ. ನಾ ಮೊದಲ ಕಲ್ತದ್ದ ಮರಾಠಿ. ಚೇಳ ಅಂದಾಗ ಜೀವಾ ಬಾಯಿಗೆ ಬಂದಿತ್ತ ನೋಡ್ರಿ."

"ಮತ್ತ ಬರೂದಿಲ್ಲ ಅಂತ ಯಾಕ ಹೇಳಿದ್ರಿ?" ನನ್ನ ಧ್ವನಿ ಏರಿತ್ತು.

"ನಾ ಎಂದ ಹೇಳಿದೆ? ಮರಾಠಿ ಬ್ಯಾಡ್ರಿ ಅಂದಿದ್ದೆ. ಉಳಿದದ್ದ ನೀವೆಲ್ಲಾ ಹಚ್ಚಗೊಂಡ್ರಿ. ಗ್ವಾಡಿ ಕೆಡವಿದ್ರು, ಕಿವಿಗೆ ಬಾಗಲಾ ಹಚ್ಚಾಕ ಬರತೈತೇನ್ರಿ? ಕೇಳಿದ್ದಕ್ಕ ಲಕ್ಷ್ಯ ಕೆಡೂದಿಲ್ಲ. ಉತ್ತರಾ ಕೊಡಾಕ ಹೋದ್ರ ಕೆಡತೈತಿ. ಅರ್ಧಾ ಮಂದಿಗೆ ಉತ್ತರಾ ಕೊಡೂದ ತಪ್ಪತು, ಅಷ್ಟ."

"ಅಷ್ಟೆಲ್ಲಾ ಕೇಳಿದ್ರಿ, ನಿಮ್ಮ ಬೆನ್ನ ಹಿಂದ!"

"ಕೇಳಿದ್ನಿ. ಅವೆಲ್ಲಾ ಮಂದಿ ಮನಿ ಮಾತು. ನನಗ್ಯಾಕ?"

"ಬಾಳೂಂದೂ ಕೇಳಿದ್ರಿ?"

ಅವರ ನಗು ನಿಂತಿತು. "ಕೇಳಿದ್ನಿ. ನನ್ನ ಹಿಂದ ನಿಂತ ಫೋನ್ ಮಾಡತಿದ್ದ. 'ದುಭಾಷಿ ನಮ್ಮಾಂವ ಅದಾನ, ಅಂವಾ ನೋಡ್ಕ್ಯಾತಾನ' ಅಂತಿದ್ದ."

"ಹಂಗಾರ ಆ ದಿನಾ ಎದ್ದ ಹೇಳಬೇಕಿಲ್ಲ? ನೌಕರಿ ಹೋಗತಿತ್ತಲ್ರಿ ನಿಮ್ದು!"

"ಹೇಳಾಂವ ಇದ್ನಿ. ಮೊದಲ ನೀವೇನ ಹೇಳತೀರಿ ನೋಡೂಣು ಅಂತ ಕುಂತ್ನಿ. ನನಗ ಗುಮಾನಿ ಇದ್ದದ್ದ ನಿಮ್ಮ ಮ್ಯಾಲ್ರಿ."

ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ.

"ಸಿಟ್ಟಾಗಬ್ಯಾಡ್ರಿ. ಮುಕಾದಮರು ದಿನಾ ನನ್ನವ್ವನ ಮ್ಯಾಲ ಬೈತಿದ್ರು, ನೀವು 'ಸ್ವಲ್ಪ ಬ್ಯಾಸರಾಗ್ಯಾರ' ಅಂತಿದ್ರಿ. ಇಷ್ಟ ನುಣ್ಣಗ ಮಾತ ಬದಲ ಮಾಡಾಂವ, ಮತ್ತ ಏನೇನ ಬದಲ ಮಾಡ್ಯಾನೋ ಅಂತ ನನಗ ಸಂಶೇ. ಆ ದಿನಾ ನೀವು ಬೈಗಳಾ ಸುದ್ಧಾ ಬಿಡಲಿಲ್ಲ. ಆವಾಗ ನೆಲಕ್ಕ ಕಾಲ ಊರಿದ್ನಿ."

ಕಂಡಕ್ಟರ್ ಸೀಟಿ ಊದಿದ. ಅವರು ಒಳಗೆ ಹೋದರು. ಬಸ್ಸು ತಿರುಗಿಕೊಂಡು ಹೋಯಿತು.

ಸಿಟ್ಟು ಬಂತು. ಮೈಯೆಲ್ಲ ಉರಿಯುವಷ್ಟು ಸಿಟ್ಟು. ಊರನ್ನೆಲ್ಲ ಸಂಶಯದಿಂದ ನೋಡಿದವನು ನಾನು, ನನ್ನ ಮೇಲೆ ಒಬ್ಬರು ಸಂಶಯಪಡಬಹುದು ಎಂದು ಯಾವತ್ತೂ ಹೊಳೆದಿರಲಿಲ್ಲ. ಅದೂ ಅವರ ಮನಸ್ಸಿಗೆ ನೋವಾಗಬಾರದು ಎಂದು ನಾನು ನುಂಗಿದ ಬೈಗುಳಗಳ ಸಲುವಾಗಿ! ಮನೆಗೆ ಬಂದು ಚಹ ಕುಡಿಯುವಾಗ ನಗು ಬಂತು. ಆಮೇಲೆ, ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರೂ ಬಂತು. ನನ್ನ ಹಾಗೆಯೇ ಬೀಗ ಜಗ್ಗಿ ನೋಡುವ ಮನುಷ್ಯ ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರು, ನಾನು ಅವರ ಹೆಬ್ಬೆರಳು ನೋಡುತ್ತ ಕಾಲ ಕಳೆದೆ.

ಈಗ ಅವರ ಮೇಜಿನಲ್ಲಿ ನಾನು ಕೂರುತ್ತೇನೆ. ಚಪ್ಪಲಿಯನ್ನು ಅಲ್ಲೇ ಬಿಡುತ್ತೇನೆ. ಆದರೆ ಕುರ್ಚಿಯ ಹಿಂದೆ ಯಾರೂ ಗುಟ್ಟು ಹೇಳುವುದಕ್ಕೆ ಬರುವುದಿಲ್ಲ, ನನಗೆ ಮರಾಠಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಮುಕಾದಮರು ನೇರ ನನ್ನ ಕಿವಿಗೇ ಬೈಯುತ್ತಾರೆ. ನಾನು ತಿರುಗಿ ಉತ್ತರ ಕೊಡುತ್ತೇನೆ, ಪಾಳಿಯ ಸಾಲು ತಪ್ಪುತ್ತದೆ, ಮತ್ತೆ ಮೊದಲಿಂದ ಹಿಡಿಯುತ್ತೇನೆ.

ಹೋದ ವಾರ ಜುಗೂಳದಿಂದ ಸುದ್ದಿ ಬಂತು, ಅವರು ತೀರಿಕೊಂಡರೆಂದು. ಮ್ಯಾನೇಜರ್ ಎಲ್ಲರನ್ನೂ ಎದ್ದು ನಿಲ್ಲಿಸಿದರು. ಫೋನುಗಳು ಬಂದ್, ಪ್ರಿಂಟರ್ ಬಂದ್, ರೈತರೂ ಟವೆಲ್ ತೆಗೆದು ನಿಂತರು. ಗೋಡೆ ಬಿದ್ದಾಗಿನಿಂದ ಆ ಹಾಲ್ ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಪಾಳಿ ಹಚ್ಚುವುದಕ್ಕೆ ಎಂಥ ಒಳ್ಳೆಯ ಹೊತ್ತು ಅನ್ನಿಸಿ ನನಗೆ ಅಳು ಬಂತು.

ಕೂತ ಮೇಲೆ ಎಲ್ಲರೂ ಅವರ ಮಾತು ತೆಗೆದರು. ಚಪ್ಪಲಿ, ದ್ರಾಕ್ಷಿ, ಚೇಳು. ನಿಪ್ಪಾಣಿಯ ಒಬ್ಬಳು ಮರಾಠಿಯಲ್ಲಿ, ಪಾಪ, ಸೀಮೆಯಲ್ಲೇ ಇದ್ದು ಒಂದು ಮಾತು ಮರಾಠಿ ಕಲಿಯಲಿಲ್ಲ, ಅವರ ಹಿಂದೆ ನಿಂತು ತಾನು ತನ್ನ ಜೀವನದ ಏನೇನು ಸಂಗತಿ ಮಾತಾಡಿದ್ದಳೋ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಏನೋ ಹೊಳೆದಂತೆ ಒಮ್ಮೆ ನಿಂತು, ಪಕ್ಕದ ಮೇಜಿನಲ್ಲಿದ್ದವನು ನಾನಲ್ಲವೆ, ನನ್ನ ಮುಖ ನೋಡಿ ಕೇಳಿದಳು: ಅವರಿಗೆ ತಿಳಿಯುತ್ತಿರಲಿಲ್ಲ, ಅಲ್ಲವೆ?

ಅರ್ಧ ಹಾಲ್ ನನ್ನ ಕಡೆ ತಿರುಗಿತು.

"ಏಕ ಶಬ್ದಸುದ್ಧಾ ನಾಹೀ" ಎಂದೆ. ಒಂದು ಶಬ್ದವೂ ಇಲ್ಲ. ಹೇಳಿ, ಚಪ್ಪಲಿ ಬಿಟ್ಟು, ಗೋಡೆಯ ಕಡೆ ತಿರುಗಿ ಕೂತೆ.